ಇಮ್ಯುನಿಟಿ ತಗ್ಗಿಸುವ ಔಷಧಿಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನ ಪತ್ರಗಳಲ್ಲಿ ಹೆದರಿಕೆ ಕಾಣುತ್ತದೆ. "ಈ ಔಷಧಿ ಇಮ್ಯುನಿಟಿಯನ್ನೇ ಕೊಲ್ಲುತ್ತಂತೆ, ಹೌದಾ?" ಅಂತ ಸುಮಾರು ಜನ ಕೇಳಿದ್ದಾರೆ. ಇಲ್ಲ, ಹಾಗಲ್ಲ. ಒಂದೊಂದು ಔಷಧಿ ಒಂದೊಂದು ಜಾಗದಲ್ಲಿ ಕೆಲಸ ಮಾಡುತ್ತದೆ. ನಿಮ್ಮದು ಯಾವ ಜಾಗದ್ದು ಅಂತ ಗೊತ್ತಾದರೆ ಯಾವುದಕ್ಕೆ ಹುಷಾರಾಗಿರಬೇಕು ಅನ್ನೋದೂ ಗೊತ್ತಾಗುತ್ತದೆ.

ಪ್ರಶ್ನೆ: ನನಗೆ 34 ವರ್ಷ. ರುಮಟಾಯ್ಡ್ ಸಂಧಿವಾತ ಅಂತ ಹೇಳಿ ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದಾರೆ. ಎಲ್ಲರೂ ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಅನ್ನುವಾಗ ನನಗೆ ಮಾತ್ರ ಯಾಕೆ ಕಡಿಮೆ ಮಾಡುವ ಮಾತ್ರೆ? ಇದು ಕ್ಯಾನ್ಸರ್ ಔಷಧಿ ಅಂತಲೂ ಓದಿದೆ.

ರೋಗನಿರೋಧಕ ಶಕ್ತಿ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನೋ ಮಾತೇ ತಪ್ಪು. ಅದು ಹೊರಗಿನಿಂದ ಬಂದದ್ದನ್ನು ಹೊಡೆಯಬೇಕು, ನಮ್ಮದನ್ನು ಬಿಡಬೇಕು. ಈ ಬಿಡುವ ಕೆಲಸಕ್ಕೆ ಅಂತಲೇ ನಮ್ಮೊಳಗೆ ಬೇರೆ ಜಾತಿಯ ಟಿ ಕೋಶಗಳಿವೆ (ಟಿ ಕೋಶ ಅಂದರೆ ರಕ್ಷಣೆಯ ಕೆಲಸದ ಒಂದು ಬಗೆಯ ಬಿಳಿ ರಕ್ತಕಣ). ಅವುಗಳ ಬಗ್ಗೆ ಕೆಲಸ ಮಾಡಿದ ಸಾಕಾಗುಚಿ, ಬ್ರಂಕೋವ್ ಮತ್ತು ರ‍್ಯಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂತು. ಈ ಹಿಡಿತ ತಪ್ಪಿದಾಗ ದೇಹ ತನ್ನ ಮೇಲೇ ತಿರುಗಿ ಬೀಳುತ್ತದೆ. ನಿಮ್ಮ ವಿಷಯದಲ್ಲಿ ಏಟು ಬೀಳುತ್ತಿರುವುದು ಕೀಲುಗಳ ಒಳಪೊರೆಗೆ. ಸುಮ್ನೆ ಬಿಟ್ಟರೆ ಅದು ದಪ್ಪವಾಗಿ, ಪಕ್ಕದ ಎಲುಬನ್ನೂ ಮೃದ್ವಸ್ಥಿಯನ್ನೂ ಕೊರೆಯುತ್ತದೆ, ಮತ್ತು ಒಮ್ಮೆ ಹಾಳಾದ ಕೀಲನ್ನು ಯಾವ ಔಷಧಿಯೂ ಮೊದಲಿನ ಹಾಗೆ ಮಾಡಲಾರದು. ಅದಕ್ಕೇ ಬೇಗ ಶುರು ಮಾಡುತ್ತಾರೆ. ಔಷಧಿ ಇಮ್ಯುನಿಟಿಯನ್ನು ಆಫ್ ಮಾಡುವುದಿಲ್ಲ, ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದ ಹಾಗೆ ಸ್ವಲ್ಪ ತಗ್ಗಿಸುತ್ತದೆ ಅಷ್ಟೇ.

ಕ್ಯಾನ್ಸರ್ ಔಷಧಿ ಅನ್ನೋದು ನಿಜ. ಆದರೆ ಕೆಲವು ಕ್ಯಾನ್ಸರ್‌ಗಳಲ್ಲಿ ಗ್ರಾಂ ಲೆಕ್ಕದಲ್ಲಿ ಕೊಡುವ ಔಷಧಿಯನ್ನು ಕೀಲುನೋವಿಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ ಕೊಡುತ್ತಾರೆ. ಇಷ್ಟು ಕಡಿಮೆ ಡೋಸ್‌ನಲ್ಲಿ ಅದರ ಕೆಲಸದ ರೀತಿಯೇ ಬೇರೆ. ಅಡೆನೊಸಿನ್ ಅನ್ನೋ ವಸ್ತುವನ್ನು ಹೆಚ್ಚಿಸಿ ಉರಿಯೂತ ಇಳಿಸುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ. ದಿನಕ್ಕೊಂದು ಅಂತ ತಿಳಿದು ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ, ಬಾಯಿ ತುಂಬ ಹುಣ್ಣಾಗುತ್ತದೆ. ವಾರದಲ್ಲಿ ಯಾವ ದಿನ ಅಂತ ಒಂದು ದಿನ ಆರಿಸಿಕೊಳ್ಳಿ, ಅದನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ. ಜೊತೆಗೆ ಬರೆದುಕೊಟ್ಟ ಫೋಲಿಕ್ ಆಸಿಡ್ ಬಿಡಬೇಡಿ, ಹುಣ್ಣು ಮತ್ತು ವಾಕರಿಕೆ ಕಡಿಮೆಯಾಗುವುದು ಅದರಿಂದಲೇ. ಗುಣ ಕಾಣಲು 6ರಿಂದ 12 ವಾರ ಬೇಕು, ಎರಡನೇ ವಾರಕ್ಕೆ ಬೇಸರವಾಗಿ ಬಿಟ್ಟುಬಿಡಬೇಡಿ. ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ತಪ್ಪಿಸಬೇಡಿ. ಮದ್ಯ ಬೇಡ. ಮಗು ಬೇಕು ಅನ್ನೋ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಗರ್ಭದಲ್ಲಿರುವ ಮಗುವಿಗೆ ಇದು ಅಪಾಯ. ಇನ್ನೊಂದು, ಮೂತ್ರದ ಸೋಂಕಿಗೆ ಅಂತ ಬೇರೆ ಡಾಕ್ಟರ್ ಹತ್ತಿರ ಹೋದರೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೀರಿ ಅಂತ ಹೇಳಲೇಬೇಕು. ಟ್ರೈಮೆಥೊಪ್ರಿಮ್ ಇರುವ ಆ್ಯಂಟಿಬಯಾಟಿಕ್ ಇದರ ಜೊತೆ ಸೇರಿದರೆ ರಕ್ತಕಣಗಳು ದಿಢೀರ್ ಅಂತ ಕುಸಿಯಬಹುದು.

ಪ್ರಶ್ನೆ: ನನ್ನ ಗಂಡನಿಗೆ ಕಿಡ್ನಿ ಕಸಿಯಾಗಿ 5 ವರ್ಷವಾಯಿತು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಸರಿ ಇದೆ. ಇನ್ನೂ ಟ್ಯಾಕ್ರೊಲಿಮಸ್ ಯಾಕೆ? ಅದೂ ಗಡಿಯಾರ ನೋಡಿಕೊಂಡೇ ಯಾಕೆ?

ಮಾತ್ರೆ ತೆಗೆದುಕೊಳ್ಳುತ್ತಿರುವುದಕ್ಕೇ ಕ್ರಿಯಾಟಿನಿನ್ ಸರಿ ಇದೆ. 5 ವರ್ಷವಾದರೂ 20 ವರ್ಷವಾದರೂ ಆ ಕಿಡ್ನಿ ಅವರ ದೇಹಕ್ಕೆ ಹೊರಗಿನದೇ. 1954ರಲ್ಲಿ ಮೊದಲ ಸಲ ಕಿಡ್ನಿ ಕಸಿ ಗೆದ್ದಿತಲ್ಲ, ಅದು ಗೆದ್ದಿದ್ದು ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ. ಅಷ್ಟು ಹೊಂದಿಕೆ ಬೇರೆ ಯಾರಲ್ಲೂ ಸಿಗುವುದಿಲ್ಲ. ಉಳಿದವರಿಗೆಲ್ಲ ದಾರಿ ತೆರೆದದ್ದು ಔಷಧಿಗಳು. ಮೊದಲು ಅಜಾಥಯೊಪ್ರಿನ್ ಬಂತು. ಆಮೇಲೆ ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರದಿಂದ ಸೈಕ್ಲೊಸ್ಪೊರಿನ್ ಬಂತು. ಟ್ಯಾಕ್ರೊಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳಿಗೆ ಇಷ್ಟು ಜನ ಋಣಿಗಳು ಅನ್ನೋದು ನನಗೆ ಈಗಲೂ ಅಚ್ಚರಿ.

ಕೆಲಸ ಹೇಗೆ ಅಂದರೆ, ಹೊರಗಿನದನ್ನು ಕಂಡ ಟಿ ಕೋಶದೊಳಗೆ ಕ್ಯಾಲ್ಸಿನ್ಯೂರಿನ್ ಅನ್ನೋ ಕಿಣ್ವ ಎಚ್ಚರಗೊಳ್ಳುತ್ತದೆ. ಅದರಿಂದ ಇಂಟರ್‌ಲ್ಯೂಕಿನ್-2 ಅನ್ನೋ ಸಂದೇಶದ ಪ್ರೋಟೀನ್ ತಯಾರಾಗುತ್ತದೆ, ಅದು ಸಿಕ್ಕ ಮೇಲೆ ಟಿ ಕೋಶ ಒಂದಕ್ಕೆರಡು ಎರಡಕ್ಕೆ ನಾಲ್ಕು ಅಂತ ಬೆಳೆದು ದಂಡು ಕಟ್ಟುತ್ತದೆ. ಟ್ಯಾಕ್ರೊಲಿಮಸ್ ಆ ಕಿಣ್ವವನ್ನೇ ತಡೆಯುತ್ತದೆ. ಸಾಮಾನ್ಯವಾಗಿ ಜೊತೆಗೆ ಕೊಡುವ ಮೈಕೊಫಿನೊಲೇಟ್, ಡಿಎನ್ಎಗೆ ಬೇಕಾದ ಕಚ್ಚಾವಸ್ತು ಈ ಕೋಶಗಳಲ್ಲಿ ತಯಾರಾಗದ ಹಾಗೆ ನೋಡಿಕೊಳ್ಳುತ್ತದೆ. ಎರಡು ಕಡೆಯಿಂದ ಸ್ವಲ್ಪ ಸ್ವಲ್ಪ ತಡೆದರೆ ಯಾವುದನ್ನೂ ವಿಪರೀತ ಕೊಡಬೇಕಾಗಿಲ್ಲ.

ಗಡಿಯಾರದ ವಿಷಯ. ಟ್ಯಾಕ್ರೊಲಿಮಸ್ ರಕ್ತದಲ್ಲಿ ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಜಾಸ್ತಿಯಾದರೆ ಅದೇ ಔಷಧಿ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಕೈ ನಡುಗುತ್ತದೆ, ಸಕ್ಕರೆ ಮತ್ತು ಬಿಪಿ ಏರುತ್ತದೆ. ಇವೆರಡರ ನಡುವಿನ ಜಾಗ ಬಹಳ ಕಿರಿದು. ರಕ್ತ ಪರೀಕ್ಷೆಯ ದಿನ ಬೆಳಗಿನ ಡೋಸ್ ನುಂಗುವ ಮುಂಚೆ ರಕ್ತ ಕೊಡಿ ಅನ್ನುವುದು ಅದಕ್ಕೇ, ಅಳೆಯಬೇಕಾಗಿರುವುದು ಅತಿ ಕಡಿಮೆ ಇರುವ ಹೊತ್ತಿನ ಮಟ್ಟ. ಮಾತ್ರೆ ನುಂಗಿ ಹೋದರೆ ಸಂಖ್ಯೆ ಸುಳ್ಳು ಹೇಳುತ್ತದೆ. ಗ್ರೇಪ್‌ಫ್ರೂಟ್, ಚಕ್ಕೋತ ಬೇಡ. ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಇದರ ಮಟ್ಟವನ್ನು ಏರಿಸುತ್ತವೆ, ಟಿಬಿಗೆ ಕೊಡುವ ರಿಫಾಂಪಿಸಿನ್ ಪಾತಾಳಕ್ಕೆ ಇಳಿಸುತ್ತದೆ. ಜೋರು ಭೇದಿಯಾದರೂ ಮಟ್ಟ ಏರಬಹುದು, ಫೋನ್ ಮಾಡಿ ತಿಳಿಸಿ. ಬ್ರ್ಯಾಂಡ್ ಅನ್ನು ನೀವೇ ಬದಲಿಸಬೇಡಿ. ಇನ್ನು ತಿರಸ್ಕಾರ ಶುರುವಾದಾಗ ನೋವು ಬರಲೇಬೇಕು ಅಂತಿಲ್ಲ. ಎಷ್ಟೋ ಸಲ ಮೊದಲು ಗೊತ್ತಾಗುವುದು ಕ್ರಿಯಾಟಿನಿನ್ ಏರಿದಾಗ. "ಆರಾಮಾಗಿದ್ದೇನೆ, ಇವತ್ತೊಂದು ದಿನ ಬಿಡೋಣ" ಅನ್ನೋದು ಅಪಾಯ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಪ್ರಶ್ನೆ: ಕರುಳಿನ ಕ್ರೋನ್ಸ್ ಕಾಯಿಲೆಗೆ ಅಡಲಿಮುಮ್ಯಾಬ್ ಇಂಜೆಕ್ಷನ್ ಹೇಳಿದ್ದಾರೆ. ನನಗೆ ಕೆಮ್ಮೇ ಇಲ್ಲ, ಆದರೂ ಟಿಬಿ ಪರೀಕ್ಷೆ ಮಾಡಿಸು ಅಂದರು. ಮಾತ್ರೆ ರೂಪದಲ್ಲಿ ಸಿಗುವುದಿಲ್ಲವೇ?

ಪರೀಕ್ಷೆ ಹೇಳಿದವರು ಸರಿಯಾದದ್ದನ್ನೇ ಹೇಳಿದ್ದಾರೆ. ಅಡಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಇವು ಟಿಎನ್ಎಫ್ ಅನ್ನೋ ಒಂದೇ ಒಂದು ಸಂದೇಶದ ಪ್ರೋಟೀನನ್ನು ಹಿಡಿದು ಹಾಕುತ್ತವೆ. ಆ ಪ್ರೋಟೀನ್ ನಿಮ್ಮ ಕರುಳಿಗೆ ಬೆಂಕಿ ಹಚ್ಚುತ್ತಿದೆ, ನಿಜ. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಟಿಬಿ ರೋಗಾಣು ಎಂದೋ ಒಳಗೆ ಹೋಗಿದ್ದರೆ, ರಕ್ಷಣಾ ಕೋಶಗಳು ಅದನ್ನು ಸುತ್ತುವರಿದು ಗಂಟು ಕಟ್ಟಿ ವರ್ಷಗಟ್ಟಲೆ ಅಲ್ಲೇ ಹಿಡಿದಿಟ್ಟಿರುತ್ತವೆ. ಆ ಗಂಟು ಬಿಚ್ಚದ ಹಾಗೆ ನೋಡಿಕೊಳ್ಳುವುದು ಇದೇ ಟಿಎನ್ಎಫ್. ಅದನ್ನು ತಡೆದಾಗ ಮಲಗಿದ್ದ ಟಿಬಿ ಏಳಬಹುದು, ಎಷ್ಟೋ ಸಲ ಶ್ವಾಸಕೋಶ ಬಿಟ್ಟು ಬೇರೆ ಅಂಗಗಳಲ್ಲಿ. ಅದಕ್ಕೇ ಎದೆ ಎಕ್ಸ್‌ರೇ, ಚರ್ಮದ ಅಥವಾ ರಕ್ತದ ಟಿಬಿ ಪರೀಕ್ಷೆ. ಸುಪ್ತ ಟಿಬಿ ಇದ್ದರೆ ಮೊದಲು ಅದಕ್ಕೆ ಔಷಧಿ ಶುರು ಮಾಡಿ, ಆಮೇಲೆ ಇಂಜೆಕ್ಷನ್. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ಪ್ರತಿಕಾಯ ತಯಾರಿಗೆ ಬೇಕಾದ ಬಿ ಕೋಶಗಳನ್ನು ಖಾಲಿ ಮಾಡುವ ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವವರಿಗಂತೂ ಅದು ಇನ್ನೂ ಮುಖ್ಯ.

ಹೆಸರಿನ ಕೊನೆಯಲ್ಲಿ "ಮ್ಯಾಬ್" ಇದ್ದರೆ ಅದು ಪ್ರತಿಕಾಯ, ಅಂದರೆ ಪ್ರೋಟೀನ್. ನುಂಗಿದರೆ ಹೊಟ್ಟೆ ಅದನ್ನು ಜೀರ್ಣ ಮಾಡಿಬಿಡುತ್ತದೆ, ಹಾಗಾಗಿ ಚುಚ್ಚಲೇಬೇಕು. ಜ್ಯಾಕ್ ಅನ್ನೋ ಕಿಣ್ವಗಳನ್ನು ತಡೆಯುವ ಟೊಫಾಸಿಟಿನಿಬ್ ಥರದ ಔಷಧಿಗಳು ಚಿಕ್ಕ ಅಣುಗಳು, ಅವು ಮಾತ್ರೆಯಲ್ಲಿ ಬರುತ್ತವೆ. ಮಾತ್ರೆ ಅಂದ ಮಾತ್ರಕ್ಕೆ ಸೌಮ್ಯ ಅಂದುಕೊಳ್ಳಬೇಡಿ. ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವುದು, ವಯಸ್ಸಾದವರಲ್ಲಿ ಹೃದಯದ ತೊಂದರೆ, ಇವುಗಳ ಬಗ್ಗೆ ಅದಕ್ಕೆ ಗಂಭೀರ ಎಚ್ಚರಿಕೆ ಇದೆ.

ಪ್ರಶ್ನೆ: ಲೂಪಸ್‌ಗೆ ಎರಡು ತಿಂಗಳಿಂದ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿದ್ದೇನೆ. ಮುಖ ಊದಿದೆ. ನಾಳೆಯಿಂದ ನಿಲ್ಲಿಸಲಾ?

ದಯವಿಟ್ಟು ಬೇಡ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿರುವಾಗ ನಿಮ್ಮ ಅಡ್ರಿನಲ್ ಗ್ರಂಥಿಗಳು ದೇಹದ್ದೇ ಸ್ಟೆರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತವೆ. 3–4 ವಾರಕ್ಕಿಂತ ಜಾಸ್ತಿ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು, ವಾಂತಿಯಾಗಿ, ಪ್ರಜ್ಞೆಯೂ ತಪ್ಪಬಹುದು. ಮುಖ ಊದುವುದು ನಿಮಗೆ ಎಷ್ಟು ಹಿಂಸೆ ಅಂತ ಗೊತ್ತು, ಡೋಸ್ ಇಳಿದ ಹಾಗೆ ಅದೂ ಇಳಿಯುತ್ತದೆ. "ಸ್ಟೆರಾಯ್ಡ್ ತಗ್ಗಿಸಲು ಬೇರೆ ಔಷಧಿ ಸೇರಿಸಬಹುದಾ?" ಅಂತ ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ. ಅಜಾಥಯೊಪ್ರಿನ್, ಮೈಕೊಫಿನೊಲೇಟ್ ಸೇರಿಸುವ ದೊಡ್ಡ ಉದ್ದೇಶವೇ ಸ್ಟೆರಾಯ್ಡ್ ಇಳಿಸುವುದು.

ಪ್ರಶ್ನೆ: ಈ ಔಷಧಿ ತೆಗೆದುಕೊಳ್ಳುವವರು ಲಸಿಕೆ ಹಾಕಿಸಿಕೊಳ್ಳಬಹುದೇ?

ಹಾಕಿಸಿಕೊಳ್ಳಬೇಕು. ಫ್ಲೂ, ನ್ಯುಮೋಕಾಕಸ್ ಥರದ ಜೀವಂತ ರೋಗಾಣು ಇಲ್ಲದ ಲಸಿಕೆಗಳು ಸರಿ. ದಡಾರ, ಚಿಕನ್‌ಪಾಕ್ಸ್, ಹಳದಿ ಜ್ವರದ ಲಸಿಕೆಗಳು ಜೀವಂತ, ಡಾಕ್ಟರನ್ನು ಕೇಳದೆ ಅವು ಬೇಡ. ಸಾಧ್ಯವಾದರೆ ಔಷಧಿ ಶುರುವಾಗುವ ಮುಂಚೆಯೇ ಮುಗಿಸಿ. ರಿಟುಕ್ಸಿಮ್ಯಾಬ್ ಆದ ಮೇಲೆ ತಿಂಗಳುಗಟ್ಟಲೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ಕೊಟ್ಟರು. ಭೇದಿ ಹತ್ತಿತು, ಈಗ ಸ್ಟೆರಾಯ್ಡ್ ಕೊಡುತ್ತಿದ್ದಾರೆ. ಒಂದು ಕಡೆ ಇಮ್ಯುನಿಟಿ ಹೆಚ್ಚಿಸಿ ಇನ್ನೊಂದು ಕಡೆ ಇಳಿಸುವುದಾ?

ಹೌದು, ಅದನ್ನೇ ಮಾಡುತ್ತಿದ್ದಾರೆ, ಮತ್ತು ಅದು ಸರಿ. ಟಿ ಕೋಶಗಳ ಮೇಲೆ ಪಿಡಿ-1, ಸಿಟಿಎಲ್ಎ-4 ಅನ್ನೋ ತಡೆಗಳಿವೆ. ಕ್ಯಾನ್ಸರ್ ಕೋಶ ಇವುಗಳ ಲಾಭ ಪಡೆದು ತಪ್ಪಿಸಿಕೊಳ್ಳುತ್ತದೆ. ಆ ತಡೆ ತೆಗೆದರೆ ಟಿ ಕೋಶ ಕ್ಯಾನ್ಸರ್ ಮೇಲೆ ಬೀಳುತ್ತದೆ. ಈ ದಾರಿ ತೋರಿಸಿದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರ ನೊಬೆಲ್ ಸಿಕ್ಕಿತು. ಆದರೆ ತಡೆ ತೆಗೆದಾಗ ಕರುಳು, ಥೈರಾಯ್ಡ್, ಲಿವರ್, ಶ್ವಾಸಕೋಶದ ಮೇಲೂ ಏಟು ಬೀಳಬಹುದು. ಅಪ್ಪನಿಗೆ ಬಂದ ಭೇದಿ ಸೋಂಕಿನದ್ದಲ್ಲ ಅಂತ ಖಚಿತಪಡಿಸಿಕೊಂಡು, ಕರುಳು ಉಳಿಸಲು ಸ್ಟೆರಾಯ್ಡ್ ಕೊಡುತ್ತಾರೆ. ಇಂಜೆಕ್ಷನ್ ನಿಂತು ತಿಂಗಳುಗಳಾದ ಮೇಲೂ ಇಂಥದ್ದು ಬರಬಹುದು. ಹೊಸ ಕೆಮ್ಮು, ಏದುಸಿರು, ವಿಪರೀತ ಸುಸ್ತು ಕಂಡರೆ ಕಾಯಬೇಡಿ.

ಪ್ರಶ್ನೆ: ಇವನ್ನು ತೆಗೆದುಕೊಳ್ಳುವಾಗ ಜ್ವರ ಬಂದರೆ ಏನು ಮಾಡಬೇಕು? ಇಮ್ಯುನಿಟಿ ಬೂಸ್ಟರ್ ಪುಡಿ ತಿನ್ನಬಹುದಾ?

ಪುಡಿ ಬೇಡ. ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದೆ, ಕೆರಳಿರುವ ರಕ್ಷಣಾ ವ್ಯವಸ್ಥೆಯನ್ನು ಇನ್ನಷ್ಟು ಕೆರಳಿಸುವುದು ಯಾಕೆ?

ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ನಡುಕ, ಏದುಸಿರು, ಗೊಂದಲ ಇದ್ದರೆ ನೇರ ಆಸ್ಪತ್ರೆಗೆ ಹೋಗಿ. ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ನೋಡೋಣ ಅಂತ ಕೂರಬೇಡಿ. ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ದೊಡ್ಡ ಸೋಂಕಿದ್ದರೂ ಜ್ವರ ಬಾರದೇ ಇರಬಹುದು. ಟೊಸಿಲಿಜುಮ್ಯಾಬ್ ತೆಗೆದುಕೊಳ್ಳುವವರಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಅನ್ನೋ ರಕ್ತ ಪರೀಕ್ಷೆಯೂ ಏರದೆ ಇರಬಹುದು, ಅದು ಏರಲು ಬೇಕಾದ ಐಎಲ್-6 ಸಂದೇಶವನ್ನೇ ಈ ಔಷಧಿ ತಡೆದಿರುತ್ತದೆ. ತುರ್ತು ವಿಭಾಗದಲ್ಲಿ ನಿಮ್ಮನ್ನು ಮೊದಲ ಸಲ ನೋಡುವ ಡಾಕ್ಟರಿಗೆ ಇದು ಗೊತ್ತಾಗಬೇಕಾದರೆ ಔಷಧಿಯ ಹೆಸರು, ಡೋಸ್, ಕೊನೆಯ ಇಂಜೆಕ್ಷನ್ ತಾರೀಕು ಬರೆದ ಚೀಟಿ ನಿಮ್ಮ ಹತ್ತಿರ ಇರಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ಅದು ಎಲ್ಲಿದೆ ಅಂತ ತಿಳಿದಿರಲಿ.