ಗೀತಾ ಎಂಬ ಹೆಸರು ತಪ್ಪಂತೆ!

ನಮಸ್ಕಾರ. ಜಾವಾ ಪ್ರೋಗ್ರಾಮಿಂಗ್ ಕಲಿಯುವವರಿಗಾಗಿ ನೀವು ಕಳಿಸಿದ ಲೇಖನ ಓದಿದೆ, ಬಳಕೆದಾರರು ಟೈಪ್ ಮಾಡಿದ್ದು ಸರಿ ಇದೆಯೇ ಎಂದು ನೋಡುವ ಬಗ್ಗೆ. ಭಾಷೆ ತಿಳಿಯಾಗಿದೆ, ಎಲ್ಲೂ ಎಳೆದಾಡಿಲ್ಲ. ಹೊಗಳಿಕೆ ಇಷ್ಟೇ, ಬೇಜಾರು ಮಾಡ್ಕೋಬೇಡಿ.

ವಯಸ್ಸು ಕೇಳುವ ಭಾಗದಲ್ಲಿ "ಅಂಕಿಯ ಬದಲು ಅಕ್ಷರ ಕೊಟ್ಟರೆ ಕ್ಯಾಚ್ ಹಿಡಿಯುತ್ತದೆ, ಲೂಪ್ ಮತ್ತೆ ಕೇಳುತ್ತದೆ" ಎಂದಿದ್ದೀರಿ. (ಕ್ಯಾಚ್ ಅಂದರೆ ತಪ್ಪಾದಾಗ ಓಡುವ ಭಾಗ, ಲೂಪ್ ಅಂದರೆ ಅದೇ ಕೆಲಸ ಮತ್ತೆ ಮಾಡಿಸುವ ಸುತ್ತು.) ಪ್ರೋಗ್ರಾಂ ಓಡಿಸಿ ನೋಡಿದೆ. 'ಇಪ್ಪತ್ತು' ಎಂದು ಬರೆದು ಎಂಟರ್ ಒತ್ತಿದೆ. "ದಯವಿಟ್ಟು ಅಂಕಿ ಕೊಡಿ" ಎಂಬ ಸಾಲು ಪರದೆ ತುಂಬಾ ಸುರಿಯತೊಡಗಿತು. ಕೊಡೋಣ ಅಂದರೆ ಕೊಡಲು ಬಿಡಬೇಕಲ್ವಾ? ಅಂಕಿ ಓದುವ ನೆಕ್ಸ್ಟ್‌ಇಂಟ್ ಸೋತಾಗ ಆ ತಪ್ಪು ಪದವನ್ನು ನುಂಗುವುದಿಲ್ಲ. ಅದು ಟೈಪ್ ಮಾಡಿದ್ದನ್ನು ಓದಿಕೊಡುವ ಸ್ಕ್ಯಾನರ್‌ನ ಬಾಯಲ್ಲೇ ಉಳಿಯುತ್ತದೆ. ಮುಂದಿನ ಸುತ್ತಿಗೂ ಅದೇ ಪದ, 'ಕೇಳಿದ್ದು ಬಂದಿಲ್ಲ' ಎಂಬ ಅದೇ ಇನ್‌ಪುಟ್‌ಮಿಸ್‌ಮ್ಯಾಚ್ ಎಕ್ಸೆಪ್ಷನ್. ಕ್ಯಾಚ್ ಒಳಗೆ, ಇಡೀ ಸಾಲು ಓದುವ ಒಂದು ನೆಕ್ಸ್ಟ್‌ಲೈನ್ ಹಾಕಿದ್ದರೆ ಅದು ಹೊರಬೀಳುತ್ತಿತ್ತು. ಇನ್ನೂ ಸಲೀಸು ದಾರಿ: ಎಲ್ಲವನ್ನೂ ನೆಕ್ಸ್ಟ್‌ಲೈನ್‌ನಿಂದಲೇ ಓದಿ, ಟ್ರಿಮ್ ಮಾಡಿ (ಅಕ್ಕಪಕ್ಕದ ಖಾಲಿ ಜಾಗ ತೆಗೆದು), ಪಠ್ಯವನ್ನು ಅಂಕಿ ಮಾಡುವ ಪಾರ್ಸ್‌ಇಂಟ್‌ಗೆ ಕೊಡಿ. ಆಗ ಹಿಡಿಯಬೇಕಾದ್ದು 'ಇದು ಅಂಕಿಯಲ್ಲ' ಎಂಬ ನಂಬರ್‌ಫಾರ್ಮ್ಯಾಟ್ ಎಕ್ಸೆಪ್ಷನ್. ವಯಸ್ಸಾದ ಮೇಲೆ ಹೆಸರು ಕೇಳಿದರೆ, ನೆಕ್ಸ್ಟ್‌ಇಂಟ್ ಬಿಟ್ಟ ಎಂಟರ್‌ನಿಂದ ಖಾಲಿ ಸಾಲು ಬರುವ ಕಾಟವೂ ತಪ್ಪುತ್ತದೆ. (ವಯಸ್ಸಿನ ಪ್ರಶ್ನೆ ಆದ ಮೇಲೆ ಅಂತ ಅರ್ಥ!)

ನನಗೆ ಸಿಟ್ಟು ಬಂದದ್ದು ಲೂಪಿನ ಮೇಲಲ್ಲ. ಒಮ್ಮೆಯೂ ತಪ್ಪು ಉತ್ತರ ಕೊಟ್ಟು ನೋಡದೆ "ಹೀಗಾಗುತ್ತದೆ" ಅಂತ ಬರೆದುಬಿಟ್ಟಿರಲ್ಲ, ಅದಕ್ಕೆ. ನಾನೂ ಹಾಗೇ ಇದ್ದೆ. ಕಾಲೇಜು ಲ್ಯಾಬಿನಲ್ಲಿ ನನ್ನ ಪ್ರೋಗ್ರಾಂಗೆ ಇಷ್ಟವಾಗುವ ಉತ್ತರಗಳನ್ನೇ ಟೈಪ್ ಮಾಡಿ ತೋರಿಸಿ ಮೆರೆಯುತ್ತಿದ್ದೆ. ಒಂದು ದಿನ ಲ್ಯಾಬ್ ಸಹಾಯಕರು ಏನೂ ಮಾತಾಡದೆ ಕೀಬೋರ್ಡ್ ಮೇಲೆ ಅಂಗೈ ಊರಿ, ಎಂಟರ್ ಒತ್ತಿ, ಚಹಾಕ್ಕೆ ಹೋದರು. ಪರದೆ ತುಂಬಾ ಎರರ್. ಅವರು ವಾಪಸ್ ಬರುವಷ್ಟರಲ್ಲಿ ನನಗೆ ಅರ್ಧ ಜಾವಾ ಬಂದಿತ್ತು.

ಇನ್ನು ಹೆಸರು. ಕನ್ನಡದ ಲೇಖನ, ಕನ್ನಡದ ಓದುಗರು, ಆದರೆ ನಿಮ್ಮ ರೆಜೆಕ್ಸ್ (ಬರೆದದ್ದು ಒಂದು ಮಾದರಿಗೆ ಹೊಂದುತ್ತದೆಯೇ ಎಂದು ನೋಡುವ ಸೂತ್ರ) ಒಪ್ಪುವುದು ಇಂಗ್ಲಿಷಿನ ಎ ಇಂದ ಝಡ್ ಮಾತ್ರ. 'ಗೀತಾ' ಎಂದರೆ "ಅಮಾನ್ಯ ಹೆಸರು" ಅನ್ನುತ್ತದೆ. "ಕನ್ನಡ ಬೇಕಿದ್ದರೆ ಈಸ್‌ಲೆಟರ್ ಬಳಸಿ" ಎಂಬ ನಿಮ್ಮ ಸಾಲೂ ನಡೆಯಲ್ಲ; ಅದು ನೋಡುವುದು ಒಂದೊಂದು ತುಂಡೂ ಅಕ್ಷರವೇ ಎಂದು. ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 'ಗೀತಾ' 4 ತುಂಡು: ಗ, ಅದರ ದೀರ್ಘ, ತ, ಅದರ ದೀರ್ಘ. ಈಸ್‌ಲೆಟರ್ ಲೆಕ್ಕಕ್ಕೆ ಗ ಮತ್ತು ತ ಮಾತ್ರ ಅಕ್ಷರ. ಕಾಗುಣಿತದ ಚಿಹ್ನೆಗಳು 'ಮಾರ್ಕ್' ಎಂಬ ಬೇರೆ ಗುಂಪಿನವು. ರೆಜೆಕ್ಸ್‌ನಲ್ಲಿ ಎಲ್ (ಅಕ್ಷರ) ಗುಂಪಿನ ಜೊತೆ ಎಮ್ (ಮಾರ್ಕ್) ಗುಂಪನ್ನೂ ಸೇರಿಸಬೇಕು. ಆಮೇಲೆ ಇನಿಶಿಯಲ್‌ನ ಚುಕ್ಕೆ, ನಡುವಿನ ಜಾಗ... ನನ್ನ ಕೇಳಿದರೆ ಹೆಸರಿಗೆ ಇಷ್ಟು ಕಾವಲೇ ಜಾಸ್ತಿ. ಖಾಲಿ ಇಲ್ಲ ತಾನೇ ನೋಡಿ, ಸುಮ್ನೆ ಬಿಡಿ. ತಮಾಷೆ ಏನು ಗೊತ್ತಾ? ಪಾರ್ಸ್‌ಇಂಟ್‌ಗೆ '೨೫' ಕೊಟ್ಟರೆ ತಕರಾರಿಲ್ಲದೆ 25 ಎಂದೇ ಓದುತ್ತದೆ.

ತಿದ್ದಿ ಕಳಿಸಿ. ಜೊತೆಗೆ, ನೀವು ಪ್ರೋಗ್ರಾಂಗೆ ಕೊಟ್ಟು ನೋಡಿದ 10 ತಪ್ಪು ಉತ್ತರಗಳನ್ನೂ ಅದಕ್ಕೆ ಪ್ರೋಗ್ರಾಂ ಹೇಳಿದ್ದನ್ನೂ ಲಗತ್ತಿಸಿ. ಅಂಗೈ ಊರಿದ್ದೂ ಒಂದಿರಲಿ.