ಸರ್ವರ್ ನಿಗಾ: ಎಚ್ಚರಿಕೆಯೇ ಬಾರದಿದ್ದರೆ ನಂಬಬಹುದೇ?

ಪ್ರಶ್ನೆ: ನಮ್ಮ ಕಾಲೇಜಿನ ನಾಲ್ಕು ಸರ್ವರ್‌ಗಳ ಮೇಲೆ ನಿಗಾ ಇಡಲು ಪ್ರೊಮಿಥಿಯಸ್ ಎಂಬ ಉಚಿತ ತಂತ್ರಾಂಶ ಅಳವಡಿಸಿದ್ದೇವೆ. ಮೊದಮೊದಲು ರಾತ್ರಿಯಿಡೀ ಸಂದೇಶಗಳು ಬರುತ್ತಿದ್ದುದರಿಂದ ಎಲ್ಲರೂ ಅವನ್ನು ನೋಡುವುದನ್ನೇ ಬಿಟ್ಟರು. ಯಾವಾಗ ಎಚ್ಚರಿಸಬೇಕೆಂದು ಹೇಳುವ ನಿಯಮಗಳನ್ನು ಕಡಿಮೆ ಮಾಡಿದ ಮೇಲೆ ಎರಡು ತಿಂಗಳಿಂದ ಒಂದು ಸಂದೇಶವೂ ಇಲ್ಲ. ಈ ಮೌನವನ್ನು ನಂಬಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪರೀಕ್ಷಿಸಿ ನೋಡುವ ತನಕ ನಂಬಬೇಡಿ. ಪ್ರೊಮಿಥಿಯಸ್ ಪ್ರತಿಯೊಂದು ಸರ್ವರ್ ಬಳಿಗೂ ತಾನೇ ಹೋಗಿ, ಅಲ್ಲಿ ಓಡುತ್ತಿರುವ ಎಕ್ಸ್‌ಪೋರ್ಟರ್ ಎಂಬ ಪುಟ್ಟ ತಂತ್ರಾಂಶ ಒದಗಿಸುವ ಅಂಕಿಗಳನ್ನು, ನಾವು ಬೇರೆ ಅವಧಿ ನಿಗದಿ ಮಾಡದಿದ್ದರೆ ನಿಮಿಷಕ್ಕೊಮ್ಮೆ, ತಂದು ಕೂಡಿಡುತ್ತದೆ. ಹೋದಾಗ ಉತ್ತರ ಸಿಗದಿದ್ದರೆ 'ಅಪ್' ಎಂಬ ಅಂಕಿಯನ್ನು 0 ಎಂದು ಬರೆದುಕೊಳ್ಳುತ್ತದೆ. ಈ ಅಂಕಿಗೆ ಒಂದು ನಿಯಮವಿದ್ದರೆ ಸರ್ವರ್ ನಿಂತುಹೋದದ್ದು ತಿಳಿದೇ ತಿಳಿಯುತ್ತದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇನ್ನೊಂದು ಬಗೆಯ ಕೆಡುಕು. ನಿಯಮದಲ್ಲಿ ನಾವು ಬರೆದ ಹೆಸರಿನ ಅಂಕಿಯೇ ಎಲ್ಲೂ ಇಲ್ಲದಿದ್ದರೆ ಪ್ರೊಮಿಥಿಯಸ್ ಅದನ್ನು ದೋಷವೆಂದು ಎಣಿಸುವುದಿಲ್ಲ. ಲೆಕ್ಕದ ಫಲ ಖಾಲಿಯಾಗಿರುತ್ತದೆ, ಎಚ್ಚರಿಕೆ ಏಳುವುದೇ ಇಲ್ಲ. ಸರ್ವರ್‌ನ ಸಿಪಿಯು, ಮೆಮೊರಿ, ಡಿಸ್ಕ್‌ಗಳ ಅಂಕಿಗಳನ್ನು ಒದಗಿಸುವ ನೋಡ್ ಎಕ್ಸ್‌ಪೋರ್ಟರ್‌ನ, 2018ರ ಮೇ ತಿಂಗಳಲ್ಲಿ ಬಂದ 0.16 ಆವೃತ್ತಿಯನ್ನು ನೆನೆಯಿರಿ. ಅಳತೆಯ ಮಾನ ಹೆಸರಿನಲ್ಲೇ ಕಾಣಬೇಕೆಂದು ಸಿಪಿಯು ಸಮಯದ ಅಂಕಿಗೆ 'ಸೆಕೆಂಡ್ಸ್', ಮೆಮೊರಿ ಮತ್ತು ಡಿಸ್ಕ್‌ನ ಅಂಕಿಗಳಿಗೆ 'ಬೈಟ್ಸ್' ಎಂಬ ಪದಗಳನ್ನು ಅದರಲ್ಲಿ ಸೇರಿಸಲಾಯಿತು. ಬದಲಾವಣೆಯೇನೋ ಸರಿಯಾದದ್ದೇ. ಆದರೆ ಹಳೆಯ ನಿಯಮಗಳನ್ನು ತಿದ್ದದೆ ಹೊಸ ಆವೃತ್ತಿಗೆ ಹೋದವರಿಗೆ, ಡಿಸ್ಕ್ ಪೂರ್ತಿ ತುಂಬಿದರೂ ಸಂದೇಶ ಬರುವಂತಿರಲಿಲ್ಲ. ಇದಕ್ಕೆಂದೇ 'ಆಬ್ಸೆಂಟ್' ಎಂಬ ಸೂತ್ರವಿದೆ. ಇರಬೇಕಾದ ಅಂಕಿ ಇಲ್ಲವಾದಾಗ ಅದು ಎಚ್ಚರಿಸುತ್ತದೆ. ಮುಖ್ಯವಾದ ನಾಲ್ಕೈದು ಅಂಕಿಗಳಿಗಾದರೂ ಅದನ್ನು ಬರೆದಿಡಿ.

ನಿಗಾ ಇಡುವ ಯಂತ್ರವೇ ಕೆಟ್ಟರೆ ಹೇಳುವವರು ಯಾರು? ಯಾವಾಗಲೂ ಉರಿಯುತ್ತಲೇ ಇರುವ ಒಂದು ಎಚ್ಚರಿಕೆಯನ್ನು ಬೇಕೆಂದೇ ಇಟ್ಟು, ಅದು ನಿಯತವಾಗಿ ಕಾಲೇಜಿನ ಹೊರಗಿನ ಬೇರೊಂದು ಸೇವೆಗೆ ತಲುಪುವಂತೆ ಮಾಡುವುದು ಬಲ್ಲವರ ರೂಢಿ. ಅದು ಬರುವುದು ನಿಂತ ಕೂಡಲೇ ಆ ಸೇವೆ ನಿಮಗೆ ಕರೆ ಮಾಡುತ್ತದೆ. ಇಷ್ಟರ ಮೇಲೆ, ಒಂದು ಹಗಲು ಎಕ್ಸ್‌ಪೋರ್ಟರನ್ನು ಹತ್ತು ನಿಮಿಷ ನಿಲ್ಲಿಸಿ, ಸಂದೇಶ ನಿಮ್ಮ ಫೋನಿಗೆ ಬಂದೇ ಬರುತ್ತದೆಯೇ ಎಂದು ಕಣ್ಣಾರೆ ನೋಡಿ.

ಹಿಂದಿನ ಗದ್ದಲಕ್ಕೆ ಬರೋಣ. ನಿಯಮಗಳನ್ನು ತಿದ್ದಿದಿರೋ ಅಳಿಸಿಯೇಬಿಟ್ಟಿರೋ ಎಂದು ನೀವು ಬರೆದಿಲ್ಲ. ಅಳಿಸಿದ್ದರೆ ಮರಳಿ ತನ್ನಿ. 'ಡಿಸ್ಕ್ ಶೇ. 80 ತುಂಬಿದೆ' ಎಂಬ ನಿಯಮ, ವರ್ಷಗಟ್ಟಲೆ ಶೇ. 82ರಲ್ಲೇ ನಿಂತಿರುವ ಡಿಸ್ಕ್‌ಗಾಗಿ ನಿಮ್ಮ ನಿದ್ದೆ ಕೆಡಿಸುತ್ತದೆ. ಅದರ ಬದಲು, ಕಳೆದ ಆರು ಗಂಟೆಗಳಲ್ಲಿ ಜಾಗ ಖರ್ಚಾದ ವೇಗವನ್ನು ನೋಡಿ, ಇನ್ನು ನಾಲ್ಕು ಗಂಟೆಯೊಳಗೆ ತುಂಬುವಂತಿದ್ದರೆ ಮಾತ್ರ ಎಬ್ಬಿಸು ಎಂದು 'ಪ್ರೆಡಿಕ್ಟ್ ಲೀನಿಯರ್' ಸೂತ್ರದಿಂದ ಬರೆಯಬಹುದು. ಸ್ಥಿತಿ ಹತ್ತು ನಿಮಿಷ ಬಿಡದೆ ಮುಂದುವರಿದರೆ ಮಾತ್ರ ಎಚ್ಚರಿಸು ಎಂಬ ಷರತ್ತನ್ನೂ ಹಾಕಬಹುದು. ನೆಟ್‌ವರ್ಕ್ ಸ್ವಿಚ್ ಒಂದು ಕೆಟ್ಟಾಗ ನಾಲ್ಕು ಸರ್ವರ್‌ಗಳ ಕೂಗನ್ನು ಒಂದೇ ಸಂದೇಶವಾಗಿ ಕಟ್ಟುವ, ಒಂದು ಎಚ್ಚರಿಕೆ ಇರುವಾಗ ಅದಕ್ಕೆ ಅಂಟಿದವುಗಳನ್ನು ತಡೆಯುವ ಕೆಲಸ ಪ್ರೊಮಿಥಿಯಸ್‌ನ ಜೊತೆಗಾರ ತಂತ್ರಾಂಶ ಅಲರ್ಟ್‌ಮ್ಯಾನೇಜರ್‌ನದು. ಎದ್ದು ಕೂತವರು ಮಾಡಬೇಕಾದ ಕೆಲಸ ಯಾವುದೆಂದು ಒಂದು ಸಾಲಿನಲ್ಲಿ ಬರೆಯಲಾಗದ ಎಚ್ಚರಿಕೆಯನ್ನು ರಾತ್ರಿ ಕಳಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಪ್ರೊಮಿಥಿಯಸ್‌ನಂಥ ಉಚಿತ ತಂತ್ರಾಂಶವನ್ನು ನೋಡಿಕೊಳ್ಳುವವರು ಯಾರು? ಅವರು ಕೈಬಿಟ್ಟರೆ ನಮ್ಮ ಗತಿಯೇನು? ನಾನೂ ಕೈಜೋಡಿಸಬೇಕೆಂದಿದ್ದೇನೆ.
– ಓದುಗರೊಬ್ಬರು, ಮೈಸೂರು

ಉತ್ತರ: ಗೂಗಲ್‌ನಲ್ಲಿ ಕೆಲಸ ಮಾಡಿ ಬಂದಿದ್ದ ಎಂಜಿನಿಯರುಗಳು, ಅಲ್ಲಿನ ಬೋರ್ಗ್‌ಮಾನ್ ಎಂಬ ನಿಗಾ ವ್ಯವಸ್ಥೆಯ ಪ್ರೇರಣೆಯಿಂದ, 2012ರಲ್ಲಿ ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಪ್ರೊಮಿಥಿಯಸ್ ಬರೆಯತೊಡಗಿದರು. 2016ರಲ್ಲಿ ಅದು ಇಂಥ ಮುಕ್ತ ತಂತ್ರಾಂಶ ಯೋಜನೆಗಳಿಗೆ ಆಸರೆಯಾದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಎಂಬ ಸಂಸ್ಥೆಗೆ ಸೇರಿತು. ಹಲವು ಸರ್ವರ್‌ಗಳ ಮೇಲೆ ತಂತ್ರಾಂಶಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ಬಳಿಕ ಅಲ್ಲಿ ಸೇರಿದ ಎರಡನೆಯ ಯೋಜನೆ ಅದೇ. ಈಗ ಬೇರೆಬೇರೆ ಕಂಪನಿಗಳ ನಿರ್ವಾಹಕರು ಅದನ್ನು ಸಾಗಿಸುತ್ತಿರುವುದರಿಂದ ಒಂದು ಕಂಪನಿ ಹಿಂದೆ ಸರಿದರೂ ಕೆಲಸ ನಿಲ್ಲಬೇಕಾಗಿಲ್ಲ. ಅಪಾಚೆ 2.0 ಪರವಾನಗಿ ಇರುವುದರಿಂದ ಯಾರು ಬೇಕಾದರೂ ಅದರ ಆಕರವನ್ನು (ಸೋರ್ಸ್ ಕೋಡ್) ತೆಗೆದುಕೊಂಡು ಮುಂದುವರಿಸಬಹುದು. ಇದು ಬರೀ ಕಾಗದದ ಮೇಲಿನ ಹಕ್ಕಲ್ಲ: ನಾಗಿಯೋಸ್ ಎಂಬ ಇನ್ನೊಂದು ನಿಗಾ ತಂತ್ರಾಂಶ ಬೆಳೆಯುತ್ತಿದ್ದ ರೀತಿಯ ಬಗ್ಗೆ ಅತೃಪ್ತರಾದ ಕೆಲವರು 2009ರಲ್ಲಿ ಅದರ ಆಕರದಿಂದಲೇ ಐಸಿಂಗಾ ಎಂಬ ಕವಲನ್ನು ಹುಟ್ಟುಹಾಕಿದರು, ಅದು ಇಂದಿಗೂ ನಡೆಯುತ್ತಿದೆ.

ಕೈಜೋಡಿಸಲು ಮೊದಲ ದಿನವೇ, ಪ್ರೊಮಿಥಿಯಸ್ ಬರೆದಿರುವ ಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸ ಸೌಲಭ್ಯ ಬರೆಯಬೇಕಾಗಿಲ್ಲ. ಬೇರೆಯವರು ವರದಿ ಮಾಡಿದ ದೋಷವನ್ನು ನಿಮ್ಮ ಯಂತ್ರದಲ್ಲಿ ಮತ್ತೆ ಉಂಟುಮಾಡಿ, ಯಾವ ಆವೃತ್ತಿಯಲ್ಲಿ, ಯಾವ ಹೆಜ್ಜೆಗಳಿಂದ ಅದು ಕಾಣಿಸಿತೆಂದು ಬರೆದು ಕೊಟ್ಟರೆ ನಿರ್ವಾಹಕರ ಅರ್ಧ ಹೊರೆ ಇಳಿಯುತ್ತದೆ. ಆಮೇಲೆ, ನೀವು ದಿನವೂ ಬಳಸುವ ತಂತ್ರಾಂಶವೊಂದಕ್ಕೆ ಎಕ್ಸ್‌ಪೋರ್ಟರ್ ಬರೆಯಿರಿ. ಸಮಯವನ್ನು ಸೆಕೆಂಡುಗಳಲ್ಲಿ, ಗಾತ್ರವನ್ನು ಬೈಟ್‌ಗಳಲ್ಲಿ ಕೊಡಿ. ಅಂಕಿಗೆ ಅಂಟಿಸುವ ಲೇಬಲ್ ಎಂಬ ಗುರುತುಚೀಟಿಗಳಲ್ಲಿ ಬಳಕೆದಾರರ ಗುರುತಿನ ಸಂಖ್ಯೆ, ಇಮೇಲ್ ವಿಳಾಸದಂಥ ಕೊನೆಯಿಲ್ಲದ ಮೌಲ್ಯಗಳನ್ನು ಇಡಬೇಡಿ: ಪ್ರತಿ ಹೊಸ ಮೌಲ್ಯಕ್ಕೂ ಅಳತೆಗಳ ಒಂದೊಂದು ಪ್ರತ್ಯೇಕ ಸರಣಿ ಹುಟ್ಟಿಕೊಳ್ಳುತ್ತದೆ, ಹತ್ತು ಸಾವಿರ ಬಳಕೆದಾರರಿದ್ದರೆ ಒಂದೇ ಅಂಕಿಗೆ ಹತ್ತು ಸಾವಿರ ಸರಣಿಗಳಾಗಿ ಪ್ರೊಮಿಥಿಯಸ್‌ನ ಮೆಮೊರಿಯನ್ನು ನುಂಗಿಬಿಡುತ್ತವೆ.