ಅಜ್ಜನ ಕಾಲದ ಬೆಳ್ಳಿ ಸ್ಟ್ಯಾಂಡು, ಆರು ಬಳೆ, ನಡುವೆ ಹಿಡಿ: ಇದು ಯಾವುದಕ್ಕೆ?

ಆರು ಬಳೆ, ನಡುವೆ ಮೇಲೆದ್ದ ಹಿಡಿ, ನಾಲ್ಕು ಪಾದ, ಹೊರಗಿನ ಅಂಚಿಗೆ ಏನನ್ನೂ ಇಡಲಾಗದಷ್ಟು ಚಿಕ್ಕ ಎರಡು ಉಂಗುರ. ಅಜ್ಜನ ಕಾಲದ್ದು, ಏನಂತ ಗೊತ್ತಿಲ್ಲ ಅಂತ ನೀವು ಫೋಟೋ ಹಾಕಿ ಬರೆದದ್ದು ಓದುತ್ತಿದ್ದಂತೆ ನಮ್ಮ ಹಳೇ ಮನೆಯ ಅಟ್ಟ ನೆನಪಾಯಿತು. ಪಂಚಾಮೃತದ ಬಟ್ಟಲು ಇಡುವುದಕ್ಕಾ, ಅರಮನೆಯ ಪೂಜಾ ಸಾಮಾನಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. ಅದು ಇಂಗ್ಲಿಷರ ಊಟದ ಮೇಜಿನ ಕ್ರೂಯೆಟ್ ಸ್ಟ್ಯಾಂಡು. ಎಣ್ಣೆ, ವಿನೆಗರ್, ಸಾಸ್, ಮೆಣಸಿನ ಪುಡಿ, ಅರೆದ ಸಾಸಿವೆ, ಇವುಗಳ ಗಾಜಿನ ಸೀಸೆಗಳು ಆ ಬಳೆಗಳಲ್ಲಿ ನಿಲ್ಲುತ್ತಿದ್ದವು. ನಡುವಿನ ಹಿಡಿ ಹಿಡಿದು ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದಕ್ಕೆ ಸಾಗಿಸುವುದು. ಆ ಎರಡು ಪುಟ್ಟ ಉಂಗುರ ಸೀಸೆಯ ಬಿರಡೆ ಇಡೋದಕ್ಕೆ. ಎಣ್ಣೆ ಮೆತ್ತಿದ ಬಿರಡೆಯನ್ನು ಮೇಜಿನ ಬಿಳಿ ಬಟ್ಟೆ ಮೇಲಿಟ್ಟರೆ ಕಲೆ ಆಗುತ್ತಲ್ಲ, ಅದಕ್ಕೆ.

ನಮ್ಮಜ್ಜ ಬಾಳೆಹೊನ್ನೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನು ಒಂದಷ್ಟು ಹರಾಜಾಯಿತು, ಒಂದಷ್ಟು ಕೆಲಸದವರ ಪಾಲಿಗೆ ಬಂತು. ನಮ್ಮ ಮನೆಗೆ ಬಂದದ್ದು ಈ ಸ್ಟ್ಯಾಂಡು. ಏನು ಅಂತ ಯಾರಿಗೂ ಗೊತ್ತಿಲ್ಲ, ಬೆಳ್ಳಗಿದೆ, ಹಾಗಾಗಿ ಬೆಳ್ಳಿ, ಹಾಗಾಗಿ ದೇವರ ಮುಂದೆ. ಗೌರಿ ಹಬ್ಬದಲ್ಲಿ ಅಮ್ಮ ಒಂದು ಬಳೆಯಲ್ಲಿ ಅರಿಶಿನದ ಬಟ್ಟಲು, ಇನ್ನೊಂದರಲ್ಲಿ ಕುಂಕುಮದ್ದು ಕೂರಿಸುತ್ತಿದ್ದರು. ಉಳಿದ ನಾಲ್ಕು ಬಳೆ ಖಾಲಿ. ಯಾಕೆ ಖಾಲಿ ಅಂತ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಸೀಸೆಗಳು ಎಲ್ಲೂ ಹೋಗಿರಲಿಲ್ಲ. ಅಜ್ಜಿಯ ಔಷಧಿ ಕಪಾಟಿನಲ್ಲಿದ್ದವು! ದಪ್ಪ ಗಾಜು, ಮೈತುಂಬ ಚೌಕುಳಿ ಕೊರೆದದ್ದು, ಅಡಿಯಲ್ಲಿ ನಕ್ಷತ್ರ. ಒಂದರಲ್ಲಿ ಹರಳೆಣ್ಣೆ, ಒಂದರಲ್ಲಿ ಓಮದ ನೀರು. ತೂತಿನ ಮುಚ್ಚಳ ಇದ್ದದ್ದರಲ್ಲಿ ಮನೆಗೆ ಬಂದ ಪ್ರತಿ ಬಾಣಂತಿಯ ಮಗುವಿಗೂ ಹಾಕುವ ಪೌಡರು. ಮಡಚುವ ಮುಚ್ಚಳದ ಇನ್ನೊಂದು ಇತ್ತು, ಮುಚ್ಚಳದ ಅಂಚಿನಲ್ಲಿ ಒಂದು ಕಚ್ಚು. ಅದು ಸಾಸಿವೆ ಚಮಚದ ಹಿಡಿ ಹೊರಗೆ ಚಾಚಲು ಬಿಟ್ಟ ಜಾಗ ಅಂತ ಈಗ ಗೊತ್ತು. ಆಗ ಒಡೆದಿದೆ ಅಂದುಕೊಂಡಿದ್ದೆವು.

ಅಜ್ಜಿ ಹೋದ ಮೇಲೆ ಮನೆ ಮಾರಿದೆವು. ಖಾಲಿ ಮಾಡುವ ಹೊಣೆ ನನ್ನದು. ಸ್ಟ್ಯಾಂಡನ್ನು ಹಳೇ ಪಂಚೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಇಟ್ಟೆ. ಸೀಸೆಗಳನ್ನು ಅಕ್ಕಿ ಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟೆ, ಟಾನಿಕ್ ಬಾಟಲಿಗಳ ಜೊತೆಗೆ, ಕೆಜಿ ಲೆಕ್ಕದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಎರಡನ್ನೂ ಒಂದೇ ಮಧ್ಯಾಹ್ನ, ಇದೇ ಕೈಯಲ್ಲಿ ಎತ್ತಿದ್ದೇನೆ. ಸ್ಟ್ಯಾಂಡಿನ ತಳದ ತಟ್ಟೆಯಲ್ಲಿ ಪ್ರತಿ ಬಳೆಯ ನೇರಕ್ಕೆ ದುಂಡಗಿನ ತಗ್ಗು ಇತ್ತು. ಸೀಸೆಗಳ ಅಡಿಯೂ ಅಷ್ಟೇ ದುಂಡು. ಎರಡು ಸೀಸೆ ದಪ್ಪ, ಎರಡು ಸಣ್ಣ. ಬಳೆಗಳೂ ಹಾಗೇ, ಎರಡು ದೊಡ್ಡವು, ಉಳಿದವು ಕಿರಿದು. ಒಂದೇ ಒಂದು ಸೀಸೆಯನ್ನು ಒಂದು ಬಳೆಗೆ ಇಳಿಸಿ ನೋಡಿದ್ದರೆ ‘ಟಕ್’ ಅಂತ ಕೂತು ಇಡೀ ಕತೆ ಅದೇ ಹೇಳಿಬಿಡುತ್ತಿತ್ತು. ನೋಡಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಿ ಒಂದು ಬೆಳ್ಳಿ, ಇನ್ನೊಂದು ಜಿಡ್ಡು ಹಿಡಿದ ಗಾಜು. ಬೆಲೆ ಬಾಳುವುದು ಯಾವುದು ಅಂತ ಮೊದಲೇ ತೀರ್ಮಾನ ಮಾಡಿ ಆಗಿತ್ತು. ಏನು ವಸ್ತು ಅಂತ ತಿಳಿಯುವ ಮೊದಲೇ ಬೆಲೆಯ ಯೋಚನೆ. ನಿಮ್ಮ ಪ್ರಶ್ನೆಯಲ್ಲೂ ‘ಎಲ್ಲಿ ಮಾರಿದರೆ ಒಳ್ಳೇದು’ ಅನ್ನುವುದು ಎರಡನೇ ಸಾಲಿಗೇ ಬಂದಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಆಮೇಲೆ ಒಮ್ಮೆ ಮೂಡಿಗೆರೆ ಹತ್ತಿರ ಹಳೇ ಬಂಗಲೆಯೊಂದರ ಹೋಂಸ್ಟೇಯಲ್ಲಿ ಉಳಿದಿದ್ದಾಗ, ಊಟದ ಮನೆಯ ಗೋಡೆ ಮೇಜಿನ ಮೇಲೆ ನಮ್ಮದರಂಥದ್ದೇ ಸ್ಟ್ಯಾಂಡು ಕೂತಿತ್ತು, ಆರೂ ಬಳೆ ತುಂಬಿಕೊಂಡು. ಮೊದಲು ಗುರುತು ಸಿಕ್ಕಿದ್ದು ಸ್ಟ್ಯಾಂಡಿನದ್ದಲ್ಲ, ಅಜ್ಜಿಯ ಹರಳೆಣ್ಣೆ ಸೀಸೆಯಂಥದ್ದರದ್ದು. ಮನೆಯಾಕೆ ಒಂದೊಂದನ್ನೇ ಎತ್ತಿ ಇದು ವಿನೆಗರಿಗೆ, ಇದು ವೂಸ್ಟರ್ ಸಾಸಿಗೆ ಅಂತ ತೋರಿಸಿದರು. ಆ ಸಾಸಿಗೆ ಮೀನು ಬೀಳುತ್ತೆ. ಅಮ್ಮನಿಗೆ ಇದನ್ನು ಇವತ್ತಿಗೂ ಹೇಳಿಲ್ಲ. ಗೌರಿ ಮುಂದೆ ಆ ಸ್ಟ್ಯಾಂಡು ಈಗಲೂ ಕೂರುತ್ತೆ. ನೀವೂ ಪೂಜೆಗೆ ಇಟ್ಟುಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಊರಿಗೆ ಬಂದು ಹಳೇ ಸಾಮಾನಿನ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. ಕೈಗೆ ತೆಗೆದುಕೊಳ್ಳುವ ಮೊದಲೇ ‘ಸೀಸೆ ಎಲ್ಲಿ ಸಾರ್?’ ಅಂದರು. ಪೂರ್ತಿ ಸೆಟ್ಟಿಗೆ ಕೊಳ್ಳುವವರಿದ್ದಾರೆ, ಬರಿ ಚೌಕಟ್ಟು ಯಾರಿಗೆ ಬೇಕು ಅಂದರು. ಮೇಲಾಗಿ ಅದು ಬೆಳ್ಳಿಯೂ ಅಲ್ಲ. ಅಡಿಯಲ್ಲಿ ನಾಲ್ಕು ಪುಟ್ಟ ಗುರಾಣಿಗಳ ಒಳಗೆ ಸುರುಳಿ ಅಕ್ಷರದಲ್ಲಿ ಇ, ಪಿ, ಎನ್, ಎಸ್ ಅಂತ ಒತ್ತಿದ್ದರು. ದೂರದಿಂದ ನೋಡಿದರೆ ಬೆಳ್ಳಿಯ ಹಾಲ್‌ಮಾರ್ಕೇ. ಮೋಸ ಹೋಗಲಿ ಅಂತಲೇ ಹಾಗೆ ಒತ್ತುತ್ತಿದ್ದರೋ ಏನೋ ಅಂತ ನನಗೆ ಅನುಮಾನ. ಅಂದರೆ ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್. ಅದರರ್ಥ ಒಳಗೆ ನಮ್ಮ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಅನ್ನುತ್ತಾರಲ್ಲ ಅದು: ತಾಮ್ರ, ಸತು, ನಿಕ್ಕಲ್. ಹೊರಗೆ ಮಾತ್ರ ಬೆಳ್ಳಿಯ ತೆಳು ಲೇಪ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ನವರು 1840ರಲ್ಲಿ ವಿದ್ಯುತ್ತಿನಿಂದ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಇಂಥವು ಎಲ್ಲೆಡೆ ಹರಡಿದವು.

ನಿಮ್ಮದೂ ಹಾಗೇ ಇದೆಯೋ ಇಲ್ಲವೋ ನಿಮ್ಮ ಮಬ್ಬು ಫೋಟೋದಲ್ಲಿ ಕಾಣುತ್ತಿಲ್ಲ. ಭೂತಗನ್ನಡಿ ಹಿಡಿದು ನೋಡಿ. ಒಂದು ಕಾಲೆತ್ತಿ ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಅಸಲಿ ಬೆಳ್ಳಿ, ಸಾವಿರಕ್ಕೆ 925 ಪಾಲು. ಪಕ್ಕದ ಗುರುತು ಅದನ್ನು ಪರೀಕ್ಷಿಸಿದ ಊರಿನದು: ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆ ಮುಖ ಇದ್ದರೆ ಲಂಡನ್. ರಾಜನದೋ ರಾಣಿಯದೋ ತಲೆ ಇದ್ದರೆ ಅದು ಸಾಮಾನ್ಯವಾಗಿ 1784ರಿಂದ 1890ರ ನಡುವೆ ಬೆಳ್ಳಿಗೆ ಸುಂಕ ಕಟ್ಟಿದ್ದಕ್ಕೆ ಒತ್ತುತ್ತಿದ್ದ ಗುರುತು. ಅಕ್ಷರ ಏನೂ ಇಲ್ಲದೆ ಸವೆದ ಅಂಚಿನಲ್ಲಿ ಕೆಂಪಗೆ ತಾಮ್ರ ಇಣುಕುತ್ತಿದ್ದರೆ, ತಾಮ್ರಕ್ಕೆ ಬೆಳ್ಳಿ ತಗಡು ಬೆಸೆದು ಮಾಡುತ್ತಿದ್ದ ಹಳೇ ಶೆಫೀಲ್ಡ್ ಪ್ಲೇಟ್ ಇರಬಹುದು. ಅದಕ್ಕೆ ಯಾವ ಕಾರಣಕ್ಕೂ ಹೊಸ ಲೇಪ ಹಾಕಿಸಬೇಡಿ. ಸಿಂಹ ಇಲ್ಲ ಅಂದಮಾತ್ರಕ್ಕೆ ಬೆಳ್ಳಿಯಲ್ಲ ಅಂತಲೂ ಅಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥವರು ಇಲ್ಲೇ ಮಾಡಿದ ಬೆಳ್ಳಿಗೆ ಬರೀ ತಮ್ಮ ಹೆಸರು ಒತ್ತುತ್ತಿದ್ದರು.

ಅಯಸ್ಕಾಂತ ಹಿಡಿದೆ, ಅಂಟಲಿಲ್ಲ, ಹಾಗಾಗಿ ಬೆಳ್ಳಿ ಅಂದಿದ್ದೀರಿ. ಆ ಪರೀಕ್ಷೆ ಬಿಟ್ಟುಬಿಡಿ, ಜರ್ಮನ್ ಸಿಲ್ವರಿಗೂ ಅಂಟುವುದಿಲ್ಲ. ಹಾಲ್‌ಮಾರ್ಕಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ಯಂತ್ರಕ್ಕೆ ಹಿಡಿಸುವುದಾದರೆ ಸವೆದ ಜಾಗಕ್ಕೇ ಹಿಡಿಸಿ. ಇಲ್ಲದಿದ್ದರೆ ಅದು ಮೇಲಿನ ಲೇಪವನ್ನೇ ಅಳೆದು ಬೆಳ್ಳಿ ಅಂತ ಚೀಟಿ ಕೊಟ್ಟುಬಿಡುತ್ತೆ.

ಪಾಲಿಷ್ ಮಾಡಿಸಲಾ ಅಂದಿರಿ. ಬೇಡ. ಹುಣಸೆಹಣ್ಣು, ಬೂದಿ, ಪಾತ್ರೆ ಪುಡಿ ಯಾವುದೂ ಬೇಡ. ಬಫ್ ಚಕ್ರಕ್ಕೆ ಕೊಟ್ಟರಂತೂ ಲೇಪವೂ ಹೋಗಿ ಗುರುತೂ ಹೋಗಿ ಹಳದಿ ಛಾಯೆಯ ಲೋಹ ವಾಪಸ್ ಬರುತ್ತೆ. ಅದರ ಬದಲು ಮನೆ ಜಾಲಾಡಿ: ಬಚ್ಚಲು, ದೇವರ ಗೂಡು, ಔಷಧಿ ಡಬ್ಬ, ಚಿಕ್ಕಮ್ಮಂದಿರ ಮನೆಯ ಶೋಕೇಸು. ಆರು ಬಳೆಗಳ ಒಳ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೊರಡಿ. ಒಂದೆರಡು ಸಿಕ್ಕರೂ ಸಾಕು, ಉಳಿದದ್ದು ಬೇರೆ ಸೆಟ್ಟಿನದಾದರೂ ನಡೆಯುತ್ತೆ. ಸಂಗ್ರಹಕಾರರು ಮೂಗು ಮುರಿಯಬಹುದು, ನನ್ನ ಕೇಳಿದರೆ ಖಾಲಿ ಬಳೆಗಿಂತ ಅದೇ ವಾಸಿ.

ಅಮೆರಿಕದಲ್ಲಿರುವ ತಮ್ಮನಿಗೆ ಕಳಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ನಾವುನೀವು ಹೊರದೇಶಕ್ಕೆ ಸಾಗಿಸುವಂತಿಲ್ಲ ಅಂತ 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತೆ. ಅಷ್ಟು ಹಳೆಯದಲ್ಲ ಅನ್ನುವುದಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಹಾಗಂತ ಪತ್ರ ಮಾಡಿಸಿಕೊಳ್ಳಬೇಕು. ಅದಕ್ಕೂ ಕಾಲ ಗೊತ್ತಾಗಬೇಕು, ಕಾಲ ಗೊತ್ತಾಗುವುದಕ್ಕೆ ಅಡಿಯ ಗುರುತು ಬೇಕು. ಸ್ಟ್ಯಾಂಡನ್ನು ಬೆಳಗಿನ ಹೊತ್ತು ಕಿಟಕಿ ಪಕ್ಕ ಬೋರಲು ಹಾಕಿ, ಬೆಳಕು ಓರೆಯಾಗಿ ಬೀಳುವಾಗ ಹತ್ತಿರದಿಂದ ಇನ್ನೊಂದು ಫೋಟೋ ತೆಗೆದು ಇಲ್ಲೇ ಹಾಕಿ. ತಿಕ್ಕಬೇಡಿ, ಬರೀ ಒಣ ಬಟ್ಟೆಯಲ್ಲಿ ಧೂಳು ಒರೆಸಿ.